ಹಂಡೆಯ ಲೆಕ್ಕ: ಗ್ಯಾಸ್ ಗೀಸರ್ ಬಿಟ್ಟು ವಿದ್ಯುತ್ತಿಗೆ ಬರುವ ಮುನ್ನ

"ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯೇ?" ಕಳೆದ ಡಿಸೆಂಬರಿನ ಒಂದು ಬೆಳಗ್ಗೆ, ನನ್ನ ಅಕ್ಕನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟುತ್ತಾ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಅದು. ಅಕ್ಕನ ಮನೆ ಚಿಂಚವಾಡದಲ್ಲಿ. ಪುಣೆಯ ಚಳಿ ಆ ವಾರ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದಿತ್ತು. ಮಗಳು ಸ್ನಾನ ಮುಗಿಸಿ ಬಂದ ಬೆನ್ನಿಗೇ ಅಕ್ಕ ಒಳಗೆ ಹೋಗಿದ್ದಳು. ಗಾಳಿ ಬರುತ್ತದೆಂದು ಕಿಟಕಿಗೆ ರಟ್ಟು ಸಿಕ್ಕಿಸಿದ್ದರು. ಹತ್ತು ನಿಮಿಷವಾದರೂ ನೀರಿನ ಸದ್ದು ನಿಲ್ಲಲಿಲ್ಲ, ಕೂಗಿದರೆ ಉತ್ತರವಿಲ್ಲ. ಭಾವ ಚಿಲಕ ಮುರಿದು ಒಳಗೆ ನುಗ್ಗಿದಾಗ ಅವಳು ಬಕೆಟ್ಟಿನ ಪಕ್ಕದಲ್ಲಿ ಒರಗಿ ಬಿದ್ದಿದ್ದಳು. ಕೊರೋನಾ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ನೋಡಿದರೆ 98 ಎಂದು ತೋರಿಸಿತಂತೆ. ಹಾಗಾಗಿ ಉಸಿರಾಟದ ತೊಂದರೆ ಇರಲಾರದು, ಬಿಪಿ ಇಳಿದಿರಬೇಕು ಎಂದುಕೊಂಡು ಅವರು ಒಂದಷ್ಟು ಹೊತ್ತು ಸಕ್ಕರೆ ನೀರು ಕುಡಿಸುವ ಪ್ರಯತ್ನ ಮಾಡಿದ್ದರು. ಆ ಒಂದಷ್ಟು ಹೊತ್ತನ್ನು ನೆನೆದರೆ ನನಗೆ ಈಗಲೂ ಎದೆ ನಡುಗುತ್ತದೆ.

ಅಕ್ಕ ಸಂಜೆಯ ಹೊತ್ತಿಗೆ ಎದ್ದು ಕುಳಿತಳು. ವಾರದೊಳಗೆ ಅವಳ ಮನೆಯಲ್ಲೂ ಕೊಥ್ರೂಡಿನ ನಮ್ಮ ಮನೆಯಲ್ಲೂ ಗ್ಯಾಸ್ ಗೀಸರ್ ಕಳಚಿ ವಿದ್ಯುತ್ತಿನದು ಹಾಕಿಸುವುದೆಂದು ನಿಶ್ಚಯಿಸಿದೆವು. ಒಂದನ್ನು ಬಿಚ್ಚಿ ಇನ್ನೊಂದನ್ನು ತೂಗುಹಾಕಿದರಾಯಿತು ಎಂದು ನಾನು ಭಾವಿಸಿದ್ದೆ. ಅದು ಹಾಗಲ್ಲವೆಂದು ತಿಳಿಯಲು ಒಂದು ತಿಂಗಳು ಹಿಡಿಯಿತು. ಕನ್ನಡ ಸಂಘದ ಕಾರ್ಯಕ್ರಮ ಮುಗಿಸಿ ಊಟಕ್ಕೆ ನಿಂತಾಗ ಈ ಸಂಗತಿ ಎತ್ತಿದರೆ ಸಾಕು, ನಾಲ್ಕು ಮನೆಯವರು ಅದೇ ಗೊಂದಲ ಹೇಳುತ್ತಾರೆ: ಎಷ್ಟು ಲೀಟರಿನದು ಬೇಕು, ಬಿಲ್ ಎಷ್ಟು ಏರುತ್ತದೆ, ವೈರಿಂಗ್ ತಡೆಯುತ್ತದೆಯೇ. ಆ ತಿಂಗಳು ಕಲಿತದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಚಳಿ ದೇಶಗಳಲ್ಲಿ ಮನೆಯನ್ನೇ ಬೆಚ್ಚಗಿಡುವುದು ದೊಡ್ಡ ಪ್ರಶ್ನೆ. ಪುಣೆಯಲ್ಲಾಗಲಿ ಮುಂಬೈಯಲ್ಲಾಗಲಿ ಗೋವಾದಲ್ಲಾಗಲಿ ಮನೆಯೊಳಗೆ ನಾವು ಕಾಯಿಸುವುದು ಅಡುಗೆಯನ್ನು ಬಿಟ್ಟರೆ ಸ್ನಾನದ ನೀರನ್ನು ಮಾತ್ರ.

ಮೊದಲು ಆ ಬಚ್ಚಲುಮನೆಯಲ್ಲಿ ನಡೆದದ್ದೇನು ಎಂಬುದು. ಅಡುಗೆ ಅನಿಲ ಉರಿಯಲು ಗಾಳಿ ಬೇಕು, ಅದೂ ನಾವು ಊಹಿಸುವುದಕ್ಕಿಂತ ಬಹಳ ಹೆಚ್ಚು. ಒಂದು ಕಿಲೋ ಎಲ್‌ಪಿಜಿ ಪೂರ್ತಿಯಾಗಿ ಉರಿಯಬೇಕಾದರೆ 15 ಕಿಲೋಗೂ ಮಿಕ್ಕಿ ಗಾಳಿ ಬೇಕು. ಚಳಿಗಾಲದಲ್ಲಿ ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರು ಕಾಯಿಸಲು ಸುಮಾರು 45 ಗ್ರಾಂ ಅನಿಲ ಉರಿಯುತ್ತದೆ. ಇಬ್ಬರು ಒಬ್ಬರ ಹಿಂದೊಬ್ಬರಂತೆ ಎರಡೆರಡು ಬಕೆಟ್ ನೀರು ಹಾಕಿಕೊಂಡರೆ 180 ಗ್ರಾಂ. ಅದಕ್ಕೆ ಬೇಕಾಗುವ ಗಾಳಿ ಎರಡು ಘನ ಮೀಟರಿಗೂ ಹೆಚ್ಚು. ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರದ ನಮ್ಮ ಫ್ಲಾಟಿನ ಬಚ್ಚಲಲ್ಲಿ ಒಟ್ಟು ಗಾಳಿ ಇರುವುದೇ ಆರು ಘನ ಮೀಟರಿನಷ್ಟು. ಅಂದರೆ ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿಯ ಆಮ್ಲಜನಕವನ್ನು ಗೀಸರ್ ಕುಡಿದುಬಿಟ್ಟಿರುತ್ತದೆ.

ಆಮ್ಲಜನಕ ಕಡಿಮೆಯಾದಂತೆ ಅನಿಲ ಅರೆಬರೆಯಾಗಿ ಉರಿಯತೊಡಗುತ್ತದೆ. ನೀಲಿ ಜ್ವಾಲೆಯ ತುದಿ ಹಳದಿಗೆ ತಿರುಗುತ್ತದೆ. ಇಂಗಾಲದ ಡೈಆಕ್ಸೈಡ್ ಆಗಬೇಕಾದದ್ದು ಇಂಗಾಲದ ಮೊನಾಕ್ಸೈಡ್ ಆಗುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವ ವಾಸನೆಯನ್ನು ಕಂಪನಿಗಳು ಬೇಕೆಂದೇ ಬೆರೆಸಿರುತ್ತವೆ. ಈ ವಿಷಾನಿಲಕ್ಕೆ ಅಂಥ ಯಾವ ವಾಸನೆಯೂ ಇಲ್ಲ, ಬಣ್ಣವಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ಮೊದಲು ತಲೆಭಾರ, ಹೊಟ್ಟೆ ತೊಳಸುವುದು, ಆಮೇಲೆ ಕಾಲಿನ ಬಲ ಹೋಗುವುದು. ಚಿಲಕದವರೆಗೆ ಕೈ ಚಾಚಲೂ ಆಗದಂತೆ ಮನುಷ್ಯ ಕುಸಿಯುತ್ತಾನೆ. ಬೆರಳಿನ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ, ಇದನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿಡಿ: ಆಮ್ಲಜನಕ ಹೊತ್ತ ರಕ್ತಕ್ಕೂ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ಆ ಸಾಧನಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. 98 ಎಂದು ತೋರಿಸುತ್ತಲೇ ಇರುತ್ತದೆ. ಗೀಸರ್ ಉರಿಯುತ್ತಿದ್ದ ಬಚ್ಚಲಲ್ಲಿ ಯಾರಾದರೂ ಕುಸಿದರೆ ಬಾಗಿಲು ಕಿಟಕಿ ತೆರೆದು, ಹೊರಗಿನ ಗಾಳಿಗೆ ಎಳೆತಂದು, ಅನಿಲ ನಿಲ್ಲಿಸಿ, ನೇರವಾಗಿ ಆಸ್ಪತ್ರೆಗೆ ಹೊರಡಬೇಕು. ಬೇರೆ ಉಪಚಾರಕ್ಕೆ ಸಮಯ ಕಳೆಯಬಾರದು.

ಅಕ್ಕನ ಗೀಸರ್ ಹಳೆಯದಾಗಿರಲಿಲ್ಲ, ಕೆಟ್ಟೂ ಇರಲಿಲ್ಲ. ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರಿಹೋಗುವ ಏರ್ಪಾಡು ಅದರಲ್ಲಿತ್ತು. ಅವಳು ಅಷ್ಟು ಹೊತ್ತು ಒಳಗೆ ಇರಲೇ ಇಲ್ಲ. ಹೊರಗಿನ ಬಾಲ್ಕನಿಯಲ್ಲೋ ಗಾಳಿಯಾಡುವ ಪ್ಯಾಸೇಜಿನಲ್ಲೋ ಗೀಸರ್ ಇಟ್ಟು, ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತರುವುದು ಒಂದು ದಾರಿ. ಅದು ಆಗುವ ಮನೆಗಳವರು ಅವಸರ ಪಡಬೇಕಾಗಿಲ್ಲ. ಬಚ್ಚಲಿನ ಒಳಗೇ ಜ್ವಾಲೆ ಇರುವವರು ಮಾತ್ರ ಇದನ್ನು ಮುಂದಿನ ಚಳಿಗಾಲಕ್ಕೆ ಮುಂದೂಡಬೇಡಿ.

ಇನ್ನು ಬದಲಾವಣೆಯ ಒಳಮರ್ಮ. ನನಗೆ ಅದನ್ನು ತಿಳಿಸಿಕೊಟ್ಟದ್ದು ಎಲೆಕ್ಟ್ರಿಷಿಯನ್ನೂ ಅಲ್ಲ, ಅಂಗಡಿಯವನೂ ಅಲ್ಲ, ನಮ್ಮ ಅವ್ವ. ಗದಗಿನ ಮನೆಯಲ್ಲಿ ಅವಳು ನಲವತ್ತು ವರ್ಷ ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿದವಳು. "ಗ್ಯಾಸಿನದು ಹರಿಯುವ ನೀರು, ಕರೆಂಟಿನದು ಹಂಡೆಯ ನೀರು. ಹಂಡೆ ಅಂದಮೇಲೆ ಮೊದಲೇ ತುಂಬಿ ಕಾಯಿಸಿಡಬೇಕು, ಎಷ್ಟು ಮಂದಿ ಎಂದು ಎಣಿಸಬೇಕು" ಎಂದಳು. ಇಡೀ ವಿಷಯದ ತಿರುಳು ಈ ಮಾತಿನಲ್ಲಿದೆ. ಲೆಕ್ಕ ಹಾಕಿ ನೋಡೋಣ.

ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಬೇಕಾದ ಶಾಖ ಒಂದು ಕಿಲೋಕ್ಯಾಲರಿ. ಪುಣೆಯ ಡಿಸೆಂಬರಿನಲ್ಲಿ ಮಾಳಿಗೆಯ ಟ್ಯಾಂಕಿನಿಂದ ಇಳಿಯುವ ನೀರು 20 ಡಿಗ್ರಿ ಎಂದೂ, ಮೈಗೆ ಹಿತವಾಗುವ ನೀರು 40 ಡಿಗ್ರಿ ಎಂದೂ ಹಿಡಿಯಿರಿ. ಇಪ್ಪತ್ತು ಲೀಟರಿನ ಬಕೆಟ್ಟಿಗೆ 400 ಕಿಲೋಕ್ಯಾಲರಿ ಬೇಕು. ನಿಮಿಷಕ್ಕೆ ಆರು ಲೀಟರ್ ಕೊಡುವ ಸಾಮಾನ್ಯ ಗ್ಯಾಸ್ ಗೀಸರ್ ಇದನ್ನು ಮೂರೂವರೆ ನಿಮಿಷದೊಳಗೆ ಮುಗಿಸುತ್ತದೆ. ಅಷ್ಟೇ ವೇಗವಾಗಿ ವಿದ್ಯುತ್ತಿನಿಂದ ಕಾಯಿಸಬೇಕಾದರೆ 8 ಕಿಲೋವ್ಯಾಟಿಗೂ ಹೆಚ್ಚು ಶಕ್ತಿ ಬೇಕು, ತಂತಿಯಲ್ಲಿ 36 ಆಂಪಿಯರ್ ಹರಿಯಬೇಕು. ನಮ್ಮ ಎಷ್ಟೋ ಫ್ಲಾಟುಗಳ ಇಡೀ ಸಂಪರ್ಕವೇ ಅಷ್ಟನ್ನು ತಾಳುವುದಿಲ್ಲ. ಆದ್ದರಿಂದಲೇ ಮನೆಗೆ ಸಿಗುವ ಇನ್‌ಸ್ಟಂಟ್ ವಿದ್ಯುತ್ ಗೀಸರ್ ಸಾಮಾನ್ಯವಾಗಿ 3 ಕಿಲೋವ್ಯಾಟಿನದು. ಅದು ಪುಣೆಯ ಚಳಿಯಲ್ಲಿ ನಿಮಿಷಕ್ಕೆ ಎರಡು ಲೀಟರಿಗಿಂತ ತುಸು ಹೆಚ್ಚು ನೀರು ಕೊಡಬಲ್ಲದು. ಬಕೆಟ್ ತುಂಬಲು ಒಂಬತ್ತು ನಿಮಿಷ. ಶವರಿನ ಕೆಳಗೆ ನಿಂತರೆ ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ನೀರಿನಂತೆ. ಮುಂಬೈಯ ಮಾತು ಬೇರೆ. ಅಲ್ಲಿ ನಲ್ಲಿಯ ನೀರೇ ಅಷ್ಟು ತಣ್ಣಗಾಗುವುದಿಲ್ಲ, ಕೈಕಾಲಿಗೆ ಒಂದಿಷ್ಟು ಬೆಚ್ಚನೆಯ ನೀರು ಬೇಕೆನ್ನುವ ಡೊಂಬಿವಲಿಯ ಚಿಕ್ಕ ಸಂಸಾರಕ್ಕೆ ಈ ಪುಟ್ಟ ಗೀಸರೇ ಸಾಕಾದೀತು.

ಪುಣೆಗೆ ಬೇಕಾದದ್ದು ಟ್ಯಾಂಕಿನ ಗೀಸರ್, ಅಂದರೆ ಅವ್ವನ ಹಂಡೆ. ಇದು ಸಾಮಾನ್ಯವಾಗಿ 2 ಕಿಲೋವ್ಯಾಟಿನ ಮಂದ ಉರಿ. ಮೆಲ್ಲಗೆ ಕಾಯಿಸುತ್ತದೆ, ಕಾಯಿಸಿದ್ದನ್ನು ಇಟ್ಟುಕೊಳ್ಳುತ್ತದೆ. 15 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು 21 ನಿಮಿಷ, 25 ಲೀಟರಿಗೆ 35 ನಿಮಿಷ. ಅಂಗಡಿಯಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಈ ಲೀಟರಿನ ಅಂಕಿಯೇ. 15 ಲೀಟರ್ ಎಂದರೆ ಒಂದು ಬಕೆಟ್ಟೂ ಇಲ್ಲವಲ್ಲ ಎಂದು ಭಾವ ಹೌಹಾರಿದರು. ಆದರೆ 60 ಡಿಗ್ರಿಯ ನೀರನ್ನು ಯಾರೂ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ 30 ಲೀಟರ್ ಆಗುತ್ತದೆ, ಒಂದೂವರೆ ಬಕೆಟ್. 25 ಲೀಟರಿನದು ಎರಡೂವರೆ ಬಕೆಟ್ ಕೊಡುತ್ತದೆ. ಬಿಸಿನೀರು ಹೊರಹೋದಂತೆ ಒಳಗೆ ತಣ್ಣೀರು ಸೇರಿಕೊಳ್ಳುವುದರಿಂದ ಕೈಗೆ ಸಿಗುವುದು ಈ ಲೆಕ್ಕಕ್ಕಿಂತ ತುಸು ಕಡಿಮೆ.

ಯಾವ ಅಳತೆಯದು ಎಂದು ತೀರ್ಮಾನಿಸಲು ನಾನು ಹಿಡಿದ ಮಾನದಂಡ ದೀಪಾವಳಿ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹೂವು ಸುತ್ತಿ, ನಸುಕಿನ ಎಣ್ಣೆಸ್ನಾನಕ್ಕೆ ಮನೆಮಂದಿಗೆಲ್ಲ ಸಾಲುವಷ್ಟು ನೀರು ತುಂಬಿಡುತ್ತಿದ್ದೆವು. ಎಲ್ಲರೂ ಸೂರ್ಯೋದಯಕ್ಕೆ ಮುನ್ನ ಮೀಯಬೇಕಾದ ಆ ಒಂದು ಬೆಳಗ್ಗೆಯೇ ಯಾವ ಗೀಸರಿಗೂ ಕಠಿಣ ಪರೀಕ್ಷೆ. ನಾಲ್ಕು ಮಂದಿಗೆ ತಲೆಗೊಂದು ಬಕೆಟ್ ಎಂದರೆ 1,600 ಕಿಲೋಕ್ಯಾಲರಿ. 25 ಲೀಟರಿನ ಗೀಸರ್ ತುಂಬ ಕಾದಿದ್ದರೆ ಅದರಲ್ಲಿ 1,000 ಇರುತ್ತದೆ. ಉಳಿದ 600ನ್ನು ಅದು 21 ನಿಮಿಷದಲ್ಲಿ ಕಾಯಿಸಿಕೊಳ್ಳುತ್ತದೆ. ಇಬ್ಬರ ಸ್ನಾನವಾಗಿ ಮೂರನೆಯವರು ಎಣ್ಣೆ ಹಚ್ಚಿಕೊಂಡು ಕೂರುವಷ್ಟು ಹೊತ್ತು ಸಾಕು. ಅಕ್ಕನ ಮನೆಗೆ 25 ಲೀಟರಿನದೇ ಸರಿ ಎಂದು ಹೀಗೆ ನಿಶ್ಚಯವಾಯಿತು. ಶವರಿನಲ್ಲಿ ಹತ್ತು ನಿಮಿಷ ನಿಲ್ಲುವ ಮಕ್ಕಳಿದ್ದರೆ ಒಬ್ಬರಿಗೇ ಮೂರು ಬಕೆಟ್ ಹೋಗುತ್ತದೆ. ಆಗ ಲೆಕ್ಕ ಬೇರೆ, ಅಥವಾ ಮಕ್ಕಳ ಜೊತೆ ಮಾತು ಬೇರೆ.

ಖರ್ಚಿನ ವಿಚಾರಕ್ಕೆ ಬಂದರೆ ಅನೇಕ ಕಡೆ ಅರ್ಧ ಸತ್ಯ ಹೇಳುತ್ತಾರೆ. ವಿದ್ಯುತ್ ಅಗ್ಗ ಎಂದು ಮಾರುವವನು ಹೇಳುತ್ತಾನೆ, ಬಿಲ್ ಸುಟ್ಟುಹೋಗುತ್ತದೆ ಎಂದು ನೆರೆಯವರು ಹೆದರಿಸುತ್ತಾರೆ. ಹೋಲಿಕೆಗೆ ಒಂದು ಸುಲಭ ಸೂತ್ರವಿದೆ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 11,000 ಕಿಲೋಕ್ಯಾಲರಿ ಇದೆ. 14.2 ಕಿಲೋದ ಸಿಲಿಂಡರಿನಲ್ಲಿ ಒಂದೂವರೆ ಲಕ್ಷದ ಮೇಲೆ. ಗೀಸರಿನಲ್ಲಿ ಅದರ ಶೇಕಡ 80 ನೀರಿಗೆ ಸೇರಿ ಉಳಿದದ್ದು ಹೊಗೆಯ ಜೊತೆ ಹೋಗುತ್ತದೆ ಎಂದುಕೊಂಡರೆ, ಒಂದು ಸಿಲಿಂಡರ್ ಮುನ್ನೂರಕ್ಕೂ ಹೆಚ್ಚು ಚಳಿಗಾಲದ ಬಕೆಟ್‌ಗಳನ್ನು ಕಾಯಿಸುತ್ತದೆ. ಒಂದು ಯೂನಿಟ್ ವಿದ್ಯುತ್ತಿನಲ್ಲಿರುವುದು 860 ಕಿಲೋಕ್ಯಾಲರಿ. ಟ್ಯಾಂಕಿನ ಮೈಯಿಂದ ಆರಿಹೋಗುವ ಶಾಖಕ್ಕೆ ಹತ್ತನೇ ಒಂದು ಪಾಲು ಕಳೆದರೆ ಒಂದು ಯೂನಿಟ್ಟಿಗೆ ಎರಡು ಬಕೆಟ್‌ಗಿಂತ ಕೊಂಚ ಕಡಿಮೆ. ಹಾಗಾದರೆ ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ 160 ಯೂನಿಟ್ ಬೇಕು. ನಿಮ್ಮ ಸಿಲಿಂಡರಿನ ಬೆಲೆಯನ್ನು 160ರಿಂದ ಭಾಗಿಸಿ. ಬಂದ ಮೊತ್ತಕ್ಕಿಂತ ಕಡಿಮೆ ದರಕ್ಕೆ ಯೂನಿಟ್ ಸಿಕ್ಕರೆ ವಿದ್ಯುತ್ ಅಗ್ಗ, ಹೆಚ್ಚಾದರೆ ದುಬಾರಿ. ಸಿಲಿಂಡರ್ 900 ರೂಪಾಯಿ ಎಂದು ಹಿಡಿದರೆ ಗಡಿ 5 ರೂಪಾಯಿ 60 ಪೈಸೆಯ ಹತ್ತಿರ ನಿಲ್ಲುತ್ತದೆ. ಪೈಪಿನ ಅನಿಲವಿದ್ದರೆ ಒಂದು ಘನ ಮೀಟರಿನ ದರವನ್ನು 9ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅದೇ ಉತ್ತರ ಸಿಗುತ್ತದೆ.

ಯೂನಿಟ್ಟಿನ ದರ ಎಂದರೆ ಯಾವುದು? ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿ ಮಹಾವಿತರಣದ ಮರಾಠಿ ಬಿಲ್ಲನ್ನು ಕೈಗೆತ್ತಿಕೊಳ್ಳಿ. ಗೃಹಬಳಕೆಯ ಯೂನಿಟ್ಟುಗಳನ್ನು 100ರವರೆಗೆ, 101ರಿಂದ 300, 301ರಿಂದ 500, ಅದಕ್ಕೂ ಮೇಲೆ ಎಂದು ಮೆಟ್ಟಿಲು ಮಾಡಿರುತ್ತಾರೆ. ಮೇಲಿನ ಮೆಟ್ಟಿಲಿಗೆ ಹೋದರೆ ಎಲ್ಲ ಯೂನಿಟ್ಟಿಗೂ ಹೆಚ್ಚಿನ ದರ ಬೀಳುತ್ತದೆ ಎಂಬ ಹೆದರಿಕೆ ಬೇಡ. ಗಡಿ ದಾಟಿದ ಯೂನಿಟ್ಟುಗಳಿಗೆ ಮಾತ್ರ ಹೊಸ ದರ. ಆದರೆ ಗೀಸರಿನ ಯೂನಿಟ್ಟುಗಳು ಯಾವಾಗಲೂ ನೀವು ಈಗಾಗಲೇ ಬಳಸುತ್ತಿರುವುದರ ಮೇಲೆ ಕೂರುತ್ತವೆ, ಹಾಗಾಗಿ ಲೆಕ್ಕಕ್ಕೆ ಸರಾಸರಿ ದರ ಹಿಡಿಯಬಾರದು, ನಿಮ್ಮ ಕೊನೆಯ ಮೆಟ್ಟಿಲಿನ ದರವನ್ನೇ ಹಿಡಿಯಬೇಕು. ಅದಕ್ಕೆ 'ವಹನ ಆಕಾರ' ಎಂಬ ಸಾಗಣೆ ಶುಲ್ಕವನ್ನೂ 'ಇಂಧನ ಸಮಾಯೋಜನ ಆಕಾರ' ಎಂಬ ಇಂಧನ ಬೆಲೆಯ ಏರಿಳಿತದ ಶುಲ್ಕವನ್ನೂ ಕೂಡಿಸಿ, ಮೇಲೆ 'ವೀಜ ಶುಲ್ಕ' ಎಂದು ಬರೆದಿರುವ ಶೇಕಡ 16ರ ಸುಂಕ ಸೇರಿಸಬೇಕು. 'ಸ್ಥಿರ ಆಕಾರ'ವನ್ನು ಬಿಡಬಹುದು, ಗೀಸರ್ ಇರಲಿ ಬಿಡಲಿ ಅದನ್ನು ಕಟ್ಟಲೇಬೇಕು. ನಾಲ್ಕು ಮಂದಿಯ ಮನೆಗೆ ಚಳಿಗಾಲದಲ್ಲಿ ತಿಂಗಳಿಗೆ ಅರವತ್ತು ಯೂನಿಟ್ಟುಗಳಷ್ಟು ಹೆಚ್ಚು ಬೇಕಾಗುತ್ತದೆ, ಬೇಸಿಗೆಯಲ್ಲಿ ಅದರ ಅರ್ಧವೂ ಬೇಡ. ನಮ್ಮದು 260 ಯೂನಿಟ್ಟಿನ ಮನೆ. 320 ಮುಟ್ಟಿತು, ಇಪ್ಪತ್ತು ಯೂನಿಟ್ ಮೂರನೇ ಮೆಟ್ಟಿಲು ಹತ್ತಿದವು.

ಸ್ಪಷ್ಟವಾಗಿ ಹೇಳುತ್ತೇನೆ: ಮಧ್ಯಮ ವರ್ಗದ ಹೆಚ್ಚಿನ ಮನೆಗಳಲ್ಲಿ ಗೃಹಬಳಕೆಯ ಸಿಲಿಂಡರಿಗಿಂತ ಸಾದಾ ವಿದ್ಯುತ್ ಗೀಸರ್ ದುಬಾರಿಯೇ. ನಾವು ಉಳಿತಾಯಕ್ಕಾಗಿ ಬದಲಾಯಿಸಲಿಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿ ಹೆಚ್ಚು ಕೊಟ್ಟು ಬಚ್ಚಲಿನಿಂದ ಬೆಂಕಿಯನ್ನು ಹೊರಗಿಟ್ಟೆವು, ಆ ಹಣದ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಪರಿಸರದ ಲೆಕ್ಕವೂ ಹೀಗೆಯೇ ಬಿಚ್ಚಿ ಹೇಳಬೇಕಾದದ್ದು. ನಮ್ಮ ಗ್ರಿಡ್‌ನಲ್ಲಿ ಈಗಲೂ ಕಲ್ಲಿದ್ದಲಿನ ಪಾಲೇ ಹೆಚ್ಚು. ಮಹಾರಾಷ್ಟ್ರದಲ್ಲಿ ಚಂದ್ರಪುರ, ಕೋರಾಡಿಯಂಥ ಸ್ಥಾವರಗಳು ಉರಿಯುತ್ತಲೇ ಇವೆ. ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಇದೆ. ಬಕೆಟ್ಟಿಗೆ ಲೆಕ್ಕ ಹಾಕಿದರೆ ಅನಿಲದ್ದು 135 ಗ್ರಾಂ ಹೊಗೆ, ಸಾದಾ ವಿದ್ಯುತ್ ಗೀಸರಿನದು 360 ಗ್ರಾಂ. ವಿದ್ಯುತ್ ಶುದ್ಧ ಎಂಬ ಮಾತು ನಮ್ಮ ಬಚ್ಚಲಿಗೆ ನಿಜ, ಚಂದ್ರಪುರದ ಆಕಾಶಕ್ಕೆ ಇನ್ನೂ ನಿಜವಾಗಿಲ್ಲ. ಗಾಳಿ ಮತ್ತು ಬಿಸಿಲಿನ ವಿದ್ಯುತ್ ಹೆಚ್ಚಿದಂತೆ ಈ ಅಂತರ ವರ್ಷ ವರ್ಷವೂ ಕಿರಿದಾಗುತ್ತದೆ. ಇನ್ನೊಂದು ತಟ್ಟೆಯಲ್ಲಿ ತೂಗಬೇಕಾದದ್ದು, ನಮ್ಮ ದೇಶ ತನ್ನ ಎಲ್‌ಪಿಜಿಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ಹಡಗಿನಲ್ಲಿ ತರಿಸಿಕೊಳ್ಳುತ್ತದೆ ಎಂಬುದು.

ಖರ್ಚು, ಹೊಗೆ ಎರಡನ್ನೂ ಒಟ್ಟಿಗೆ ಇಳಿಸುವ ದಾರಿ ಹೀಟ್ ಪಂಪ್. ಫ್ರಿಜ್ ಒಳಗಿನ ಶಾಖವನ್ನು ಹೀರಿ ಹಿಂಬದಿಯಿಂದ ಹೊರಹಾಕುವುದನ್ನು ನೀವು ಕೈಯಿಟ್ಟು ನೋಡಿದ್ದೀರಿ. ಹೀಟ್ ಪಂಪ್ ಅದೇ ಯಂತ್ರ, ಹೊರಗಿನ ಗಾಳಿಯ ಶಾಖವನ್ನು ಹೀರಿ ಟ್ಯಾಂಕಿನ ನೀರಿಗೆ ಹಾಕುತ್ತದೆ. ವಿದ್ಯುತ್ತಿನಿಂದ ಅದು ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ ಅಷ್ಟೇ. ಆದ್ದರಿಂದ ಒಂದು ಯೂನಿಟ್ಟಿನಲ್ಲಿ ಮೂರು ಯೂನಿಟ್ಟಿನಷ್ಟು ಶಾಖ ನೀರಿಗೆ ಸಿಗುತ್ತದೆ. ಹಿಮ ಬೀಳುವ ಊರುಗಳಲ್ಲಿ ಗಾಳಿಯಲ್ಲಿ ಶಾಖ ಕಡಿಮೆ, ಯಂತ್ರ ಏದುಸಿರು ಬಿಡುತ್ತದೆ. ಪುಣೆಯ ಚಳಿ ಅದಕ್ಕೆ ಚಳಿಯೇ ಅಲ್ಲ, ಮುಂಬೈ ಗೋವಾಗಳ ತೇವದ ಬೆಚ್ಚನೆಯ ಗಾಳಿಯಂತೂ ಇನ್ನೂ ಒಳ್ಳೆಯದು. ಬಕೆಟ್ಟಿಗೆ 120 ಗ್ರಾಂ ಹೊಗೆ, ಅನಿಲಕ್ಕಿಂತಲೂ ಕಡಿಮೆ. ಖರ್ಚು ಸಾದಾ ಗೀಸರಿನ ಮೂರನೇ ಒಂದು ಪಾಲು. ತೊಡಕಿರುವುದು ಕೊಳ್ಳುವ ಬೆಲೆಯಲ್ಲಿ, ಅದು ಸಾದಾ ಗೀಸರಿನ ಹಲವು ಪಟ್ಟು. ಜಾಗವೂ ಬೇಕು, ಬಚ್ಚಲಿನ ಗೋಡೆಯಲ್ಲಿ ತೂಗುವ ವಸ್ತುವಲ್ಲ ಅದು, ಗಾಳಿಯಾಡುವ ಬಾಲ್ಕನಿಯಲ್ಲಿ ನಿಲ್ಲಬೇಕು, ತುಸು ಗುಂಯ್ ಎನ್ನುತ್ತದೆ. ಎರಡು ಬಚ್ಚಲು, ಐದಾರು ಮಂದಿ ಇರುವ ಸ್ವಂತ ಮನೆಯವರು ಇದನ್ನು ಮೊದಲು ವಿಚಾರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಸೋಲಾರ್ ನೀರಿನ ಬಗ್ಗೆ ಪುಣೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ, ಮಾಳಿಗೆ ಮಾಳಿಗೆಯಲ್ಲೂ ಕೊಳವೆಗಳು ಮಲಗಿವೆ. ಮಾಳಿಗೆ ನಿಮ್ಮದಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ದೊಡ್ಡ ಸೊಸೈಟಿಗಳಲ್ಲಿ ಬೆಳಗಿನ ಏಳರೊಳಗೆ ಬಿಸಿನೀರು ಮುಗಿದಿರುತ್ತದೆ, ಕೆಳಗಿನ ಮಹಡಿಗೆ ಬರುವಷ್ಟರಲ್ಲಿ ಅರ್ಧ ಬಕೆಟ್ ತಣ್ಣೀರು ಹರಿದುಹೋಗುತ್ತದೆ. ಮಳೆಗಾಲದ ನಾಲ್ಕು ತಿಂಗಳಿಗೆ ಹೇಗೂ ಇನ್ನೊಂದು ಏರ್ಪಾಡು ಇರಲೇಬೇಕು.

ಇನ್ನು ತಂತಿಯ ಮಾತು. ಇಲ್ಲಿ ಅಲಕ್ಷ್ಯ ಮಾಡಿದರೆ ಒಂದು ಅಪಾಯ ಬಿಟ್ಟು ಇನ್ನೊಂದನ್ನು ಮನೆಗೆ ತಂದಂತೆ. 2 ಕಿಲೋವ್ಯಾಟ್ ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್, 3 ಕಿಲೋವ್ಯಾಟಿನದು 13. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರಿನ ಪ್ಲಗ್ಗಿನಿಂದ ತಂತಿ ಎಳೆದರೆ ಅದು ಕರಗುತ್ತದೆ. ಮುಖ್ಯ ಪೆಟ್ಟಿಗೆಯಿಂದ ಗೀಸರಿಗೆಂದೇ ಪ್ರತ್ಯೇಕ ತಾಮ್ರದ ತಂತಿ ಬರಬೇಕು, 2 ಕಿಲೋವ್ಯಾಟಿಗೆ 2.5 ಚದರ ಮಿಲಿಮೀಟರಿನದು, 3 ಕಿಲೋವ್ಯಾಟಿಗೆ 4ರದು ಒಳ್ಳೆಯದು. ಅದಕ್ಕೆಂದೇ ಒಂದು ಎಂಸಿಬಿ, ಅಂದರೆ ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್, ಇರಬೇಕು, ಸ್ವಿಚ್ ಬಚ್ಚಲಿನ ಹೊರಗಿರಬೇಕು. ಬಿಲ್ಲಿನಲ್ಲಿ 'ಮಂಜೂರ್ ಭಾರ' ಎಂದಿರುವ ಅಂಕಿಯನ್ನೂ ನೋಡಿ, ನಿಮ್ಮ ಮನೆಗೆ ಮಂಜೂರಾದ ವಿದ್ಯುತ್ತಿನ ಮಿತಿ ಅದು. ಹಳೆಯ ಮನೆಗಳಲ್ಲಿ ಅದು 1 ಕಿಲೋವ್ಯಾಟ್ ಎಂದಿದ್ದರೆ ಹೆಚ್ಚಿಸಿಕೊಡುವಂತೆ ಅರ್ಜಿ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ. ನೀರು, ಬರಿಗಾಲು, ಒದ್ದೆ ಮೈ, ಇವುಗಳ ನಡುವೆ ಲೋಹದ ಟ್ಯಾಂಕಿನೊಳಗಿನ ಕಾಯಿಲ್ ಒಡೆದರೆ ನೀರಿಗೇ ಕರೆಂಟ್ ಇಳಿಯಬಹುದು. ಪ್ಲಗ್ಗಿನಲ್ಲಿ ಮೂರನೆಯ ರಂಧ್ರ ಇದ್ದಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಅಕ್ಕನ ಮನೆಯ ಆ ರಂಧ್ರದ ಹಿಂದೆ ತಂತಿಯೇ ಇರಲಿಲ್ಲ, ಕಟ್ಟಿದವರು ಹಾಗೆಯೇ ಮುಚ್ಚಿ ಹೋಗಿದ್ದರು. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಅಳೆದು ತೋರಿಸುವ ತನಕ ಹಣ ಕೊಡಬೇಡಿ. ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಹೋದ ಕರೆಂಟ್ ಪೂರ್ತಿ ಹಿಂದಿರುಗದೆ ಎಲ್ಲೋ ಮೈಯೊಳಗೋ ನೆಲಕ್ಕೋ ಸೋರಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಎಂಸಿಬಿ ಉಳಿಸುವುದು ತಂತಿಯನ್ನು, ಆರ್‌ಸಿಸಿಬಿ ಉಳಿಸುವುದು ಮನುಷ್ಯನನ್ನು. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ನೀರು ತುಂಬಿದ 25 ಲೀಟರಿನ ಗೀಸರ್ 35 ಕಿಲೋಗೂ ಹೆಚ್ಚು ತೂಗುತ್ತದೆ. ಹೊಸ ಕಟ್ಟಡಗಳ ಹಗುರ ಬ್ಲಾಕಿನ ಗೋಡೆಗೆ ಸಾದಾ ಬೋಲ್ಟ್ ಸಾಲದು, ಆ ಗೋಡೆಗೆ ತಕ್ಕ ಹಿಡಿಕೆಯನ್ನೇ ಕೇಳಿ ಹಾಕಿಸಬೇಕು. ಟ್ಯಾಂಕಿನೊಳಗಿನ ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ಸುರಕ್ಷತಾ ವಾಲ್ವ್ ಜೊತೆಗೇ ಬರುತ್ತದೆ. ಅದರಿಂದ ಆಗಾಗ ನಾಲ್ಕು ಹನಿ ತೊಟ್ಟಿಕ್ಕುತ್ತದೆಂದು ಕೆಲವು ಪ್ಲಂಬರುಗಳು ಅದನ್ನು ತೆಗೆದು ಬಾಯಿ ಮುಚ್ಚಿಬಿಡುತ್ತಾರೆ. ಹಾಗೆ ಮಾಡಲು ಎಂದಿಗೂ ಬಿಡಬೇಡಿ.

ವಾಕಡ್, ವಾಘೋಲಿಯಂಥ ಕಡೆ ಟ್ಯಾಂಕರಿನ ಕೊಳವೆಬಾವಿ ನೀರು ನಂಬಿದವರಿಗೆ ಇನ್ನೊಂದು ಸಂಗತಿ. ಗಡಸು ನೀರು ಕಾದಾಗ ಸುಣ್ಣ ಬಿಡುತ್ತದೆ, ಕಾಯಿಲ್‌ಗೆ ಬಿಳಿ ಪೊರೆ ಕಟ್ಟುತ್ತದೆ, ಕಾಯಿಲ್ ಒಳಗೊಳಗೇ ಬೆಂದು ಸುಟ್ಟುಹೋಗುತ್ತದೆ. ಥರ್ಮೋಸ್ಟಾಟ್ ಅನ್ನು 60ರ ಮೇಲೆ ಏರಿಸದಿದ್ದರೆ ಪೊರೆ ನಿಧಾನವಾಗಿ ಕಟ್ಟುತ್ತದೆ. ಟ್ಯಾಂಕಿನೊಳಗೆ ಒಂದು ಮೆಗ್ನೀಸಿಯಂ ಸರಳು ಇರುತ್ತದೆ. ತುಕ್ಕು ಟ್ಯಾಂಕನ್ನು ತಿನ್ನದೆ ಮೊದಲು ತನ್ನನ್ನು ತಿನ್ನಲಿ ಎಂದು ಇಟ್ಟಿರುವ ಸರಳು ಅದು. ಸವೆದಾಗ ಬದಲಾಯಿಸಿದರೆ ಟ್ಯಾಂಕ್ ವರ್ಷಗಟ್ಟಲೆ ಬಾಳುತ್ತದೆ, ಮರೆತರೆ ಸೋರುತ್ತದೆ. ಗೀಸರಿನ ಮೇಲಿನ ನಕ್ಷತ್ರಗಳ ಚೀಟಿ ಹೇಳುವುದು ಅದು ಎಷ್ಟು ಬೇಗ ಕಾಯಿಸುತ್ತದೆ ಎಂಬುದನ್ನಲ್ಲ, ಕಾದ ನೀರು ಸುಮ್ಮನೆ ನಿಂತಾಗ ಎಷ್ಟು ಶಾಖ ಸೋರುತ್ತದೆ ಎಂಬುದನ್ನು. ದಿನವಿಡೀ ಸ್ವಿಚ್ ಹಾಕಿಡುವವರಿಗೆ ಐದು ನಕ್ಷತ್ರ ಬೇಕೇ ಬೇಕು. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ ಆಮೇಲೆ ಆರಿಸುವವರಿಗೆ ವ್ಯತ್ಯಾಸ ಅಷ್ಟಾಗಿ ಕಾಣದು. ಹಗಲಿಗೂ ಸಂಜೆಗೂ ಬೇರೆ ದರವಿರುವ ಮೀಟರ್ ನಿಮ್ಮ ಮನೆಗೆ ಬಂದಿದ್ದರೆ ಅಗ್ಗದ ಹೊತ್ತಿನಲ್ಲಿ ಕಾಯಿಸಿಟ್ಟು ಆಮೇಲೆ ಬಳಸುವ ಅನುಕೂಲ ಹಂಡೆಗಿದೆ, ಹರಿಯುವ ನೀರಿನ ಗೀಸರಿಗಿಲ್ಲ.

ಹಳೆಯದನ್ನು ಬಿಚ್ಚುವಾಗ ರಬ್ಬರ್ ಪೈಪನ್ನು ಮಡಚಿ ಕಟ್ಟಿ ಬಿಡುವುದು ಸಲ್ಲದು. ಸಿಲಿಂಡರ್ ಆಗಿದ್ದರೆ ರೆಗ್ಯುಲೇಟರ್ ಸಹಿತ ಪೂರ್ತಿ ತೆಗೆಯಬೇಕು. ಪೈಪಿನ ಅನಿಲವಾಗಿದ್ದರೆ ಆ ಕೊನೆಗೆ ಹಿತ್ತಾಳೆಯ ಮುಚ್ಚಳ ಹಾಕುವ ಕೆಲಸವನ್ನು ಅನಿಲ ಕಂಪನಿಯ ಜನರೇ ಬಂದು ಮಾಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಪೈಪಿನ ಅನಿಲ ಹಗುರ, ಸೂರಿಗೆ ಏರುತ್ತದೆ. ಹೊಗೆ ಹೋಗಲೆಂದು ಗೋಡೆಯಲ್ಲಿ ಕೊರೆದಿದ್ದ ತೂತನ್ನು ಮುಚ್ಚಿಸದೆ ನಾವು ಪುಟ್ಟ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು.

ಕಳಚಿದ ಗೀಸರ್ ಬಾಗಿಲ ಬಳಿ ಬಿದ್ದಿತ್ತು. ಅಕ್ಕನ ಮನೆಗೆಲಸಕ್ಕೆ ಬರುವ ಮಾವಶಿ ಅದನ್ನು ನೋಡಿ, "ತಾಯೀ, ಇದು ಚೆನ್ನಾಗಿಯೇ ಇದೆಯಲ್ಲ, ನನಗೆ ಕೊಡುತ್ತೀರಾ? ಮಕ್ಕಳಿಗೆ ಬೆಳಗ್ಗೆ ತಣ್ಣೀರೇ ಆಗುತ್ತಿದೆ" ಎಂದು ಕೇಳಿದರು. ಅವರ ಒಂದೇ ಖೋಲಿಯ ಮನೆಯಲ್ಲಿ ಬಚ್ಚಲೆಂದರೆ ಪರದೆಯ ಹಿಂದಿನ ಮೂಲೆ, ಕಿಟಕಿಯೇ ಇಲ್ಲ. ಅಕ್ಕ ಅವರನ್ನು ಕೂರಿಸಿಕೊಂಡು ತನಗಾದದ್ದನ್ನೆಲ್ಲ ಹೇಳಿದಳು. ಮರುದಿನ ನಾನು ಎಲೆಕ್ಟ್ರಿಷಿಯನ್ನನ್ನು ಅವರ ಖೋಲಿಗೆ ಕರೆದೊಯ್ದು ಅರ್ಥಿಂಗ್ ಅಳೆಸಿದೆ. ಅದೃಷ್ಟಕ್ಕೆ ಅಲ್ಲಿ ಅದು ಸರಿಯಾಗಿತ್ತು. ಆರ್‌ಸಿಸಿಬಿ ಹಾಕಿಸಿ, ಹತ್ತು ಲೀಟರಿನ ಗೀಸರೊಂದನ್ನು ಕೂರಿಸಿಕೊಟ್ಟೆವು. ಹಳೆಯದನ್ನು ಗುಜರಿಯವನಿಗೆ ಕೊಡುವ ಮುಂಚೆ ಭಾವ ಅದರ ಬರ್ನರನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರು, ಇನ್ನು ಯಾವ ಮನೆಯ ಬಚ್ಚಲಲ್ಲೂ ಅದು ಹೊತ್ತಿಕೊಳ್ಳದಂತೆ.